ಬಡಾವಣೆಯ ಮಡಚಿಕೊಂಡ ಬಂಡೆ

ನನ್ನ ಮನೆಯವಳೇ, ವಿಮಲಾ,

ಚಿಕ್ಕಬಾಣಾವರದ ಈ ಸೈಟು ನೋಡಲು ಬಂದ ದಿನ ನೆನಪಿದೆಯೇ? ನಾನು ನೀರಿನ ಲೈನು, ರಸ್ತೆಯ ಅಗಲ ವಿಚಾರಿಸುತ್ತಿದ್ದೆ. ನೀನು ಪಾರ್ಕಿಗೆ ಬಿಟ್ಟ ಜಾಗದ ಬಂಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟಿದ್ದೆ. "ರೀ, ಈ ಬಿಳಿ ಪಟ್ಟೆ, ಕಪ್ಪು ಪಟ್ಟೆ ಹೆಂಗೆ ಮಡಚ್ಕೊಂಡಿದೆ ನೋಡಿ. ಸೈಟು ಇಲ್ಲೇ ಇರ್ಲಿ" ಎಂದೆ. ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಹೇಳಿಕೊಡುವವಳನ್ನು ಮದುವೆಯಾದ ಮೇಲೆ ಬಂಡೆ ನೋಡಿ ಸೈಟು ಕೊಳ್ಳದೆ ಇನ್ನೇನು ಮಾಡಲಿ?

ಪೀಣ್ಯದ ನಮ್ಮ ಫೋರ್ಜಿಂಗ್ ಶಾಪಿಗೆ ನೀನು ಆಯುಧಪೂಜೆಯ ಹಿಂದಿನ ದಿನ ಬಂದಿದ್ದೆ. ಕುಲುಮೆಯಿಂದ ಕೆಂಪಗೆ ಕಾದು ಬಂದ ಕಬ್ಬಿಣ ಪ್ರೆಸ್ಸಿನ ಕೆಳಗೆ ಬಾಗುವುದನ್ನು ಕಂಡು ನನ್ನ ತೋಳು ಹಿಡಿದುಕೊಂಡೆ. "ಕರಗ್ಲಿಲ್ಲ ಅಲ್ವಾ? ಗಟ್ಟಿಯಾಗಿದ್ದೇ ಬಾಗ್ತು. ನಮ್ಮ ಬಂಡೆಗೂ ಹಿಂಗೇ ಆಗಿದ್ದು ಕಣ್ರೀ." ಸುಮಾರು ಮುನ್ನೂರು ಕೋಟಿ ವರ್ಷದ ಹಿಂದೆ ನೆಲ ನೆಲವನ್ನೇ ಒತ್ತಿ ಬೆಟ್ಟಗಳೆದ್ದವು, ಅವುಗಳ ಅಡಿಯಲ್ಲಿ ಆಳದಲ್ಲಿ ಸಿಕ್ಕಿಕೊಂಡ ಕಲ್ಲು ಬಿಸಿಗೆ ಮೆತ್ತಗಾಗಿ, ಒತ್ತಡಕ್ಕೆ ಮಡಚಿಕೊಂಡು, ಒಳಗಿನ ಖನಿಜಗಳು ಹೊಸದಾಗಿ ಹರಳುಗಟ್ಟಿ ಬೇರೆ ಕಲ್ಲೇ ಆಯಿತು... ಬಸ್ಸು ಬರುವವರೆಗೂ ನೀನು ಹೇಳುತ್ತಲೇ ಇದ್ದೆ. ನಿನ್ನ ವಿದ್ಯೆ ನನಗೆ ಮೊದಲ ಸಲ ತಲೆಗೆ ಹತ್ತಿದ್ದು ಅವತ್ತು.

ಭಾನುವಾರ ಬೆಳಿಗ್ಗೆ ಬಡಾವಣೆಯ ಮಕ್ಕಳನ್ನೆಲ್ಲ ಬಂಡೆಗೆ ಕರೆದೊಯ್ಯುತ್ತಿದ್ದೆಯಲ್ಲ, ಕಾಯಿಲೆ ಬಿದ್ದ ಮೇಲೂ ಬಿಡಲಿಲ್ಲ. ಹತ್ತಲಾಗದಾಗ ಕೆಳಗೆ ಕುರ್ಚಿ ಹಾಕಿಸಿಕೊಂಡು ಪಾಠ ಮಾಡಿದೆ. ಆಮೇಲೆ ಆ ಕುರ್ಚಿಯನ್ನೂ ಎತ್ತಿಡಬೇಕಾಯಿತು.

ನೀನು ತೀರಿಹೋದ ವರ್ಷವೇ ಬಡಾವಣೆ ಸಂಘದ ಸಭೆಯಲ್ಲಿ ಅಧ್ಯಕ್ಷ ನಾಗರಾಜು, ಬಂಡೆ ಒಡೆಸಿ ಹುಲ್ಲುಹಾಸು, ಜಿಮ್ ಸಾಮಾನು ಹಾಕಿಸೋಣ ಎಂದರು. ಸಭೆಯಲ್ಲಿ ನಾನು ಬಾಯಿ ತೆರೆದಿದ್ದನ್ನು ನೀನು ಯಾವತ್ತಾದರೂ ನೋಡಿದ್ದೀಯಾ? ಎದ್ದು ನಿಂತೆ. "ಒಡೆಯೋಕೆ ನಾನು ಬಿಡಲ್ಲ."

"ಮೇಡಂ ಮೇಲಿನ ಪ್ರೀತಿ ಅರ್ಥ ಆಗತ್ತೆ ಸಾರ್" ಎಂದರು ಅವರು. "ಆದ್ರೆ ಕಲ್ಲು ಕಲ್ಲೇ ಅಲ್ವಾ?"

"ನನ್ನ ಹೆಂಡ್ತಿ ವಿಷಯ ಬಿಡಿ, ಕಲ್ಲಿನ ವಿಷಯ ಮಾತಾಡೋಣ. ನಾಳೆ ಬೆಳಿಗ್ಗೆ ಎಲ್ರೂ ಅಲ್ಲಿಗೆ ಬನ್ನಿ."

ಬಂದರು. ನಿನ್ನ ಹಾಗೆ ಹೇಳಲು ಹೋಗಿ ತೊದಲಿದೆ, ಖನಿಜಗಳ ಹೆಸರು ಅದಲುಬದಲಾದವು. ಯಾರೋ ನಕ್ಕರು. ನಾನು ಬಿಡಲಿಲ್ಲ. ನಾಗರಾಜು ಅವರ ಬೆರಳನ್ನು ಒಂದು ಬಿಳಿ ಪಟ್ಟೆಯ ಮೇಲಿಟ್ಟು, ಅದು ಹೋದ ಕಡೆಗೆಲ್ಲ ಎಳೆದೆ. ಮೇಲಕ್ಕೆ, ಬಳಸಿಕೊಂಡು, ಮತ್ತೆ ಕೆಳಕ್ಕೆ. "ಇಷ್ಟು ಗಟ್ಟಿ ಕಲ್ಲು ಹಿಂಗೆ ಮಡಚ್ಕೋಬೇಕಾದ್ರೆ ಮೇಲೆ ಎಂಥಾ ಬೆಟ್ಟ ಕೂತಿತ್ತು, ಯೋಚ್ನೆ ಮಾಡಿ."

"ಆ ಬೆಟ್ಟ ಈಗೆಲ್ಲಿ ಸಾರ್?"

"ಸವೆದು ಹೋಯ್ತು. ನಾವು ನಿಂತಿರೋದು ಅದರ ಬುಡದ ಮೇಲೆ."

ಅವರು ಬೆರಳನ್ನು ತಾವೇ ಇನ್ನೊಂದು ಪಟ್ಟೆಯ ಮೇಲೆ ಎಳೆದು ನೋಡಿದರು. ಆಮೇಲೆ, "ಜಿಮ್ ಸಾಮಾನು ಆ ಮೂಲೇಲಿ ಹಾಕ್ಸೋಣ ಬಿಡಿ" ಎಂದರು.

ಈಗ ಭಾನುವಾರದ ಪಾಠ ನನ್ನದು. ಕಾಲು ನಡೆಯುವವರೆಗೂ ನಿಲ್ಲಿಸುವುದಿಲ್ಲ. ನಿನಗೆ ಗೊತ್ತಿಲ್ಲದ ಸುದ್ದಿ ಇನ್ನೊಂದಿದೆ. ನಿನ್ನ ಭಾನುವಾರದ ಪಾಠಕ್ಕೆ ತಪ್ಪದೆ ಬರುತ್ತಿದ್ದ ಎದುರು ಮನೆಯ ಆಯಿಷಾ ಪಿಯುಸಿ ಮುಗಿಸಿ ಭೂಗರ್ಭಶಾಸ್ತ್ರಕ್ಕೇ ಸೇರಿದ್ದಾಳೆ. ಮೊನ್ನೆ ನಾನು ಪಾಠ ಮಾಡುವಾಗ ಮಕ್ಕಳೆದುರೇ ತಡೆದಳು: "ಅಂಕಲ್, ಅದು ತಪ್ಪು. ಸರಿಯಾಗಿ ಹೇಳಿ." ನಿನ್ನಷ್ಟೇ ಜೋರು ದನಿ, ವಿಮಲಾ.