ಅಮ್ಮನ ಶವದೆದುರು ಹಡಗಿನ ಅತಿಥಿಗಳು

ಮಾನ್ಯ ಪ್ರವಾಸಿ ಸ್ವಾಗತಾಧಿಕಾರಿಗಳೇ,

ಹಡಗಿನ ಅತಿಥಿಗಳ ಮುಖದ ಮೇಲೆ ಬಾಗಿಲು ಹಾಕಿದ್ದೇಕೆಂದು ಕೇಳಿ ನೀವು ಕಳಿಸಿದ ನೋಟಿಸು ತಲುಪಿದೆ. ಕಾರಣವನ್ನು ಊರಿಗೆಲ್ಲ ಕೇಳುವಂತೆ ಹೇಳುತ್ತೇನೆ: ಒಳಗೆ ನನ್ನ ತಾಯಿಯ ಶವವಿತ್ತು.

ಕಳೆದ ತಿಂಗಳು ಮೂರು ಸಾವಿರ ಜನರ ಹಡಗು ನಮ್ಮ ಬಂದರಿಗೆ ಬಂತಲ್ಲ, ಅದರ ಹಿಂದಿನ ದಿನ ಅಮ್ಮ ತೀರಿಕೊಂಡಿದ್ದಳು. ಹೆಸರು ಗೋ ಬೀ ಕಿಮ್. ಇದೇ ಬಂದರು ಬೀದಿಯಲ್ಲಿ ನಲವತ್ತು ವರ್ಷ ಅಕ್ಕಿಹಿಟ್ಟಿನ ಸಿಹಿ ಬೇಯಿಸಿ ಮಾರಿದವಳು. ಮರುದಿನ ಪಡಸಾಲೆಯಲ್ಲಿ ಶವಪೆಟ್ಟಿಗೆ, ಬಾಗಿಲಲ್ಲಿ ಸಾವಿನ ಬಿಳಿ ಲಾಂದ್ರ. ಅಪ್ಪ ಪಕ್ಕದಲ್ಲಿ ಕೂತು, ಆಚೆ ಲೋಕದಲ್ಲಿ ಅವಳಿಗೆ ಸಿಗಲೆಂದು ಕಾಗದದ ಕಾಣಿಕೆಗಳನ್ನು ಒಂದೊಂದಾಗಿ ಸುಡುತ್ತಿದ್ದ. ಹನ್ನೊಂದು ಗಂಟೆಗೆ ನಿಮ್ಮ ಮಾರ್ಗದರ್ಶಿ ಹಳದಿ ಬಾವುಟ ಹಿಡಿದು ಮೂವತ್ತು ಜನರನ್ನು ಸೀದಾ ಒಳಗೇ ಕರೆತಂದ. ಆ ಲಾಂದ್ರವನ್ನು ಹಬ್ಬದ ಅಲಂಕಾರವೆಂದು ವಿವರಿಸಿದ! ಫೋನುಗಳು ಮೇಲೆದ್ದವು. ಒಬ್ಬಾತ ಅಮ್ಮನ ಮುಖ ಸಿಗಲೆಂದು ತುದಿಗಾಲಲ್ಲಿ ನಿಂತ.

"ಏನಯ್ಯಾ, ಸಾವಾಗಿರೋ ಮನೆ ಅಂತ ಕಾಣಲ್ವಾ?" ಎಂದ ಅಪ್ಪ.

"ಐದೇ ನಿಮಿಷ ಅಂಕಲ್. ಪಟ್ಟೀಲಿ ನಿಮ್ಮನೆ ಇದೆ. ಹಡಗು ನಾಲ್ಕು ಗಂಟೆಗೆ ಹೊರಟುಹೋಗುತ್ತೆ, ಇವ್ರು ಮತ್ತೆ ಬರಲ್ಲ."

"ನನ್ನ ಹೆಂಡ್ತೀನೂ ನಾಳೆ ಹೊರಟುಹೋಗ್ತಾಳೆ ಕಣಯ್ಯಾ. ಅವಳೂ ಮತ್ತೆ ಬರಲ್ಲ."

ಮಾರ್ಗದರ್ಶಿ ನಕ್ಕುಬಿಟ್ಟ. ಎಂಬತ್ತನಾಲ್ಕರ ಅಪ್ಪ ಎದ್ದು, ಎರಡೂ ತೋಳು ಚಾಚಿ ಪೆಟ್ಟಿಗೆಗೆ ಅಡ್ಡ ನಿಂತ. ಅದನ್ನೂ ಫೋಟೋ ತೆಗೆದರು. ಆಗ ನಾನು ಕಿರುಚಿದ್ದು ನಿಜ, ಎಲ್ಲರನ್ನೂ ಹೊರದಬ್ಬಿ ಅಗುಳಿ ಹಾಕಿದ್ದೂ ನಿಜ. ಹೊಸ್ತಿಲಲ್ಲಿ ಒಬ್ಬಳು ವಿದೇಶಿ ಮುದುಕಿ ಎಲ್ಲ ಅರ್ಥಮಾಡಿಕೊಂಡು, ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಯಾರೂ ಹೇಳಿರಲಿಲ್ಲ. ನಿಮಗೆ ಗೊತ್ತಿತ್ತು, ಬೆಳಿಗ್ಗೆಯೇ ನನ್ನ ತಮ್ಮ ನಿಮ್ಮ ಕಚೇರಿಗೆ ಬಂದು ತಿಳಿಸಿದ್ದ.

"ಹಡಗು ಬರುವ ದಿನ ಪಾರಂಪರಿಕ ಮನೆಗಳ ಬಾಗಿಲು ತೆರೆದಿರತಕ್ಕದ್ದು" ಎಂದು ಬರೆದಿದ್ದೀರಿ. ನಮ್ಮ ಗೋಡೆಗೆ ಆ ಹೆಸರಿನ ಫಲಕ ಹೊಡೆಯಲು ಒಪ್ಪಿದ್ದೆವು, ಪಡಸಾಲೆಯನ್ನು ನಿಮಗೆ ಬರೆದುಕೊಟ್ಟವರು ಯಾರು? ಹಡಗುಗಳ ವೇಳಾಪಟ್ಟಿ ನೋಡಿಕೊಂಡು ನಾವು ಸಾಯಬೇಕಿತ್ತೇ? ತಮ್ಮ ಮನೆಯಲ್ಲಿ ಹೆಣವಿದ್ದಾಗ ತಾವು ಎಷ್ಟು ಜನರಿಗೆ ದರ್ಶನ ಏರ್ಪಡಿಸುತ್ತೀರಿ?

ದಾರಿಹೋಕರನ್ನು ಕರೆದು ಚಹಾ ಕೊಡುತ್ತಿದ್ದ ಅಪ್ಪ ಈಗ ಹಡಗು ಕೂಗಿದ್ದು ಕೇಳಿದರೆ ಸಾಕು, ಹಿಂದಿನ ಕೋಣೆಗೆ ಹೋಗಿ ಕೂರುತ್ತಾನೆ.

ನೋಟಿಸು ಹಿಂತೆಗೆದುಕೊಳ್ಳಿ. ನಮ್ಮ ಮನೆಯನ್ನು ಪಟ್ಟಿಯಿಂದ ಹೊಡೆದುಹಾಕಿ. ಆಮೇಲೆ ತಾವೇ ಬಂದು ಅಪ್ಪನ ಕ್ಷಮೆ ಕೇಳಿ. ಬಾವುಟವಿಲ್ಲದೆ, ಒಬ್ಬರೇ ಬನ್ನಿ. ಬಾಗಿಲು ತಟ್ಟಿ ಕಾಯಿರಿ. ತೆಗೆಯುವುದೋ ಬಿಡುವುದೋ ಅಪ್ಪನಿಗೆ ಬಿಟ್ಟದ್ದು.

ಇಂತಿ,
ಅತಿಥಿಗಳಿಗೆ ಅಗೌರವ ತೋರಿದ ಆರೋಪ ಹೊತ್ತ,
ಬೀ ಕಿಮ್ ಅವರ ಮಗಳು
ಓಯ್ ಸಿಯೂ ಲಾನ್