ನಲವತ್ತು ಸೆಕೆಂಡ್ ತಡ

ನವೆಂಬರ್ 11, ಮಂಗಳವಾರ. ಕೊಳ್ಳೇಗಾಲ

ಎಂಟಕ್ಕೇ ಆಫೀಸು. ಭಾನುವಾರ ಬಂಡಳ್ಳಿ ಹೊಲದ ಆನೆ-ಎಚ್ಚರಿಕೆ ಪೆಟ್ಟಿಗೆಯಿಂದ ತಂದ ಲಾಗ್, ಅದರ ಸಮಯದ ದಾಖಲೆ, ಮತ್ತೆ ನೋಡಿದೆ. ಕ್ಯಾಮೆರಾಗೆ ಆನೆ ಕಂಡದ್ದು ಸಂಜೆ 6:12:05. ಸೈರನ್ ಕೂಗಿದ್ದು 6:12:45. ನಲವತ್ತು ಸೆಕೆಂಡ್! ಹೋದ ತಿಂಗಳು ಎರಡೇ ಇತ್ತು.

ನಡುವೆ ಬದಲಾದದ್ದು ನನ್ನ ಕೋಡ್ ಒಂದೇ. ಆನೆ, ಹಂದಿ, ಚಿರತೆಗೆ ಬೇರೆ ಬೇರೆ ಇದ್ದ ಮೂರು ಫಂಕ್ಷನ್ ತೆಗೆದು ಮೂರಕ್ಕೂ ಹೊಂದುವ ಒಂದೇ ಜೆನೆರಿಕ್ ಫಂಕ್ಷನ್ ಮಾಡಿದ್ದೆ. ನಮ್ಮ ಟೀಮ್ ಲೀಡ್ ಪ್ರಭುಸ್ವಾಮಿ ಸರ್ ಹೊಗಳಿದ್ದರು. ನಾನೂ ಬೀಗಿದ್ದೆ. ಥೂ.

ನವೆಂಬರ್ 12, ಮಧ್ಯಾಹ್ನ

ಕೋಡನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರ್ ಬಾಯಿ ಬಿಡಿಸಿದೆ. "ಎಸ್ಕೇಪ್ಸ್ ಟು ಹೀಪ್" — ಪುಟಗಟ್ಟಲೆ ಅದೇ ಸಾಲು. ಮೊದಲು ಯಾವ ಪ್ರಾಣಿಗೆ ಯಾವ ಮೆಥಡ್ ಎಂದು ಕಂಪೈಲರ್‌ಗೆ ಮುಂಚೆಯೇ ಗೊತ್ತಿತ್ತು. ಎಲ್ಲ ಸ್ಟ್ಯಾಕ್ ಎಂಬ ತಾತ್ಕಾಲಿಕ ಮೆಮೊರಿಯಲ್ಲೇ ಹುಟ್ಟಿ, ಫಂಕ್ಷನ್ ಮುಗಿದೊಡನೆ ಅಲ್ಲೇ ಅಳಿಯುತ್ತಿತ್ತು. ಜೆನೆರಿಕ್ ಮಾಡಿದ ಮೇಲೆ ಅದು ಪ್ರೋಗ್ರಾಂ ಓಡುವಾಗಲೇ ಗೊತ್ತಾಗುವುದು. ಡೇಟಾದ ವಿಳಾಸ ಎಲ್ಲಿಗೆ ಹೋಗುತ್ತದೋ ಎಂದು ಕಂಪೈಲರ್ ಹೆದರಿ ಎಲ್ಲವನ್ನೂ ಹೀಪ್‌ಗೆ, ಆಮೇಲೆ ಗುಡಿಸಬೇಕಾದ ಮೆಮೊರಿಗೆ, ಎಸೆಯುತ್ತಿದೆ. ಆ ಬಡ ಪೆಟ್ಟಿಗೆ ಮೆಮೊರಿಯ ಕಸ ಗುಡಿಸುವುದರಲ್ಲೇ ಇರುತ್ತದೆ, ಚಿತ್ರಗಳು ಕ್ಯೂನಲ್ಲಿ ಕಾಯುತ್ತವೆ.

ನನ್ನ ಲ್ಯಾಪ್‌ಟಾಪ್‌ನಲ್ಲಿ ಟೆಸ್ಟ್ ಪಾಸ್ ಆಗಿತ್ತು. ಪೆಟ್ಟಿಗೆಯಲ್ಲಿ ಓಡಿಸಿ ನೋಡಲೇ ಇಲ್ಲ.

ಅದೇ ದಿನ, ಸಂಜೆ

ಪುಟ್ಟಸಿದ್ದಯ್ಯ ಮಾವನಿಗೆ ಫೋನ್. ಅಮ್ಮನ ತಮ್ಮ. ಪೆಟ್ಟಿಗೆ ಇರುವುದು ಅವರ ಮನೆ ಹಿಂದಿನ ಜೋಳದ ಹೊಲದಲ್ಲೇ. ಪೆಟ್ಟಿಗೆ ತಡವಾಗಿ ಕೂಗುತ್ತಿದೆ ಎಂದು ಹೇಳಲೆಂದೇ ಮಾಡಿದ್ದು. ಅಷ್ಟರಲ್ಲಿ ಅವರೇ, "ಅಟ್ಣೆ ಬಿಚ್ಚಾಕ್ದೆ ಕಣವ್ವ ಧನು. ಇನ್ಯಾಕೆ ಕಾವ್ಲು? ನೀ ಮಾಡಿರೋ ಪೆಟ್ಗೆ ಕೂಗ್ತದಲ್ಲ," ಅಂದರು.

ಮೂವತ್ತು ವರ್ಷ ಆ ಮರದ ಮೇಲಿನ ಅಟ್ಟಣೆಯಲ್ಲಿ ಕೂತು ತಮಟೆ ಬಡಿದು ಆನೆ ಓಡಿಸಿದವರು. "ಕಾಫಿ ಆಯ್ತಾ ಮಾವ" ಅಂದು ಇಟ್ಟುಬಿಟ್ಟೆ. ಹೇಡಿ ನಾನು.

ನವೆಂಬರ್ 15, ಶನಿವಾರ. ಹನೂರು ಬಸ್ ಸ್ಟ್ಯಾಂಡ್, ಸಂಜೆ 5:20

ಮೂರು ದಿನ... ಹಳೆಯ ಮೂರು ಫಂಕ್ಷನ್ ವಾಪಸ್ ಹಾಕಿದೆ. ಆಫೀಸಿನ ಸ್ಪೇರ್ ಪೆಟ್ಟಿಗೆಯಲ್ಲಿ ಎರಡೇ ಸೆಕೆಂಡ್. ಹೊಲದ ಪೆಟ್ಟಿಗೆಗೆ ಇಂಟರ್ನೆಟ್ ಇಲ್ಲ, ಹೋಗಿ ಕೈಯಾರೆ ಹಾಕಬೇಕು. ಬಂಡಳ್ಳಿ ಬಸ್ ಇನ್ನೂ ಇಲ್ಲ. ಮಾವ ಫೋನ್ ಎತ್ತುತ್ತಿಲ್ಲ. ಬೆಟ್ಟದ ಮಾದಪ್ಪ, ಇದೊಂದು ಸಂಜೆ ಕಾಪಾಡು.

6:05, ಬಸ್ಸಿನಲ್ಲಿ

ಕೊನೆಗೂ ಮಾವನ ಹೆಂಡತಿ ರಾಚಮ್ಮತ್ತೆ ಎತ್ತಿದರು. ಎಲ್ಲ ಹೇಳಿಬಿಟ್ಟೆ. ಪೆಟ್ಟಿಗೆ ನಂಬಬೇಡಿ, ಮಾವನನ್ನು ಹೊಲಕ್ಕೆ ಬಿಡಬೇಡಿ.

"ಈಗ್ತಾನೆ ಹೊಲ್ಕೆ ಹೋದ್ರಲ್ಲವ್ವ. ಜೋಳದೊಳ್ಗೆ ಏನೋ ಮುರ್ದಂಗಾಯ್ತು. ಬ್ಯಾಡ ಅಂದೆ, ಕೇಳ್ನಿಲ್ಲ. ಆನೆ ಆಗಿದ್ರೆ ನಮ್ ಧನು ಪೆಟ್ಗೆ ಕೂಗೋದು, ಯಾರ್ದೋ ದನ ನುಗ್ಗಿರ್ಬೇಕು ಅಂತ ದೊಣ್ಣೆ ತಕಂಡು..."

ಅತ್ತೆಯ ಮಾತಿನ ಹಿಂದೆ ಸೈರನ್ ಶುರುವಾಯಿತು. ಈಗ. ಈಗ ಕೂಗುತ್ತಿದೆ, ಮಾವ ಜೋಳದೊಳಗೆ ಹೋದ ಮೇಲೆ.