ನಾನೇ ತಳ್ಳಿದ್ದು

ಪ್ರೀತಿಯ ಅಕ್ಕಾ,

ನೀನಿರುವ ದೇಶಕ್ಕೆ ಬಂದು ನೆಲೆಸಲು ಹಾಕಿದ ಅರ್ಜಿಯ ವೈದ್ಯಕೀಯ ತಪಾಸಣೆ ಇವತ್ತು ಮುಗಿಯಿತು. ಫಿಟ್ಸ್ ಇದೆಯೇ ಎಂದು ಕೇಳಿದರೆ ಇಲ್ಲ ಅನ್ನು ಎಂದು ನೀನು ಫೋನಿನಲ್ಲಿ ಹೇಳಿದ್ದೆ. ನಾನು ಇದೆ ಎಂದೆ. ಬೈಯುವ ಮೊದಲು ಪೂರ್ತಿ ಓದು.

“ಮೊದಲು ಯಾವಾಗ ಬಂತಮ್ಮಾ?” ಎಂದರು ಡಾಕ್ಟರಮ್ಮ. ನಮ್ಮ ಶಾಲೆಯ ಮೆಟ್ಟಿಲು ಕಣ್ಣ ಮುಂದೆ ಬಂತು. ನನಗೆ ಎಚ್ಚರವಾದಾಗ ತಲೆ ನಿನ್ನ ಮಡಿಲಲ್ಲಿತ್ತು. “ಅವಳಿಗೇನೂ ಆಗಿಲ್ಲ, ನಾನೇ ತಳ್ಳಿದ್ದು!” ಎಂದು ನೀನು ಎಲ್ಲರ ಮೇಲೆ ರೇಗುತ್ತಿದ್ದೆ. ವಿಷಯ ಗೊತ್ತಾದರೆ ನನ್ನನ್ನು ಶಾಲೆ ಬಿಡಿಸುತ್ತಾರೆಂಬ ಹೆದರಿಕೆ ನಿನಗೆ. ಆಮೇಲೆ ನಾನು ಬಿದ್ದಾಗಲೆಲ್ಲ ಅದೇ ಮಾತು. ಟೀಚರು ನಿನ್ನನ್ನು ಬಿಸಿಲಲ್ಲಿ ನಿಲ್ಲಿಸಿದರೆ, ಅಲ್ಲಿಂದಲೇ ನನಗೆ ಕಣ್ಣು ಹೊಡೆಯುತ್ತಿದ್ದೆ. ಅಷ್ಟು ತಳ್ಳಿಸಿಕೊಂಡರೂ ನಿನ್ನ ಬೆನ್ನು ಬಿಡದ ನನಗೆ ಬೀದಿಯವರು ‘ಬಾಲ’ ಎಂದು ಹೆಸರಿಟ್ಟರು. ಅಮ್ಮ ಮಾತ್ರ ಏನೂ ಕೇಳದೆ ನಿನ್ನ ತಟ್ಟೆಗೆ ಒಂದು ಸೌಟು ಹೆಚ್ಚಿಗೆ ಬಡಿಸುತ್ತಿದ್ದಳು.

ಸುಳ್ಳು ಹೇಳಿ ಬಂದು ಸಿಕ್ಕಿಬಿದ್ದರೆ, ಕರೆಸಿಕೊಂಡ ನಿನ್ನನ್ನೇ ಕೇಳುತ್ತಾರೆ. ನಿನ್ನನ್ನು ಇನ್ನೊಮ್ಮೆ ಬಿಸಿಲಲ್ಲಿ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ.

ಅರ್ಜಿ ತಡವಾಗಬಹುದು, ಆಗದೆಯೂ ಹೋಗಬಹುದಂತೆ. ನನಗೆಂದು ಇಟ್ಟ ಕೋಣೆಯನ್ನು ಸದ್ಯಕ್ಕೆ ಬಾಡಿಗೆಗೆ ಕೊಡು. ಹೊರಡುವ ಮೊದಲು ಮಾರಬೇಕೆಂದಿದ್ದ ಹೊಲಿಗೆ ಯಂತ್ರವನ್ನು ನಾನೂ ಮಾರದೆ ಇಟ್ಟುಕೊಂಡಿದ್ದೇನೆ.

ಒಂದು ವೇಳೆ ಬಂದರೆ, ನಿಮ್ಮ ಬೀದಿಯಲ್ಲಿ ನಾನು ಬಿದ್ದರೆ, ಯಾರಿಗೂ ಏನೂ ಹೇಳಬೇಡ. ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕೂತಿರು, ಸಾಕು.

ನಿನ್ನ
ಬಾಲ